ನಕ್ಷತ್ರಮೀನು ನಮ್ಮ ನೆಂಟನಾದ ಕಥೆ



ನಕ್ಷತ್ರಮೀನಿಗೆ ಮಿದುಳಿಲ್ಲ, ಬೆನ್ನೆಲುಬಿಲ್ಲ. ಆದರೂ ಜೇನುನೊಣ, ಬಸವನಹುಳುಗಳಿಗಿಂತ ಅದೇ ಮನುಷ್ಯನಿಗೆ ಹತ್ತಿರದ ಸಂಬಂಧಿ ಎನ್ನುತ್ತದೆ ಜೀವಶಾಸ್ತ್ರ. ಪರೀಕ್ಷೆಗೆಂದು ಈ ಮಾತನ್ನು ಬಾಯಿಪಾಠ ಮಾಡುವ ಮುನ್ನ, ಇದು ಹೇಗೆ ತಿಳಿದುಬಂತೆಂದು ನೀವು ಕೇಳಬೇಕು.

ನಕ್ಷತ್ರಮೀನು, ಕಡಲ ಸೌತೆ ಮೊದಲಾದ ಸುಮಾರು 7,000 ಪ್ರಭೇದಗಳು ಕಂಟಕಚರ್ಮಿಗಳ ವಂಶಕ್ಕೆ ಸೇರಿವೆ. ಬೆಳೆದ ಮೇಲೆ ಇವುಗಳ ದೇಹ ಸಾಮಾನ್ಯವಾಗಿ ಐದು ಭಾಗಗಳಾಗಿ ಹರಡಿಕೊಂಡಿರುತ್ತದೆ. ಆದರೆ ಇವುಗಳ ಲಾರ್ವಾ, ಅಂದರೆ ಎಳೆಯ ಮರಿ, ನಮ್ಮಂತೆಯೇ ಎಡ-ಬಲ ಸಮಾನವಾಗಿರುತ್ತದೆ. ಸಂಬಂಧದ ಗುಟ್ಟು ಸಿಕ್ಕಿದ್ದು ಈ ಎಳೆತನದಲ್ಲಿಯೇ.

1850ರಲ್ಲಿ ಜರ್ಮನಿಯ ಯೊಹಾನೆಸ್ ಮ್ಯೂಲರ್ ಸಮುದ್ರದಲ್ಲಿ ತೇಲುವ ಒಂದು ಸೂಕ್ಷ್ಮ ಲಾರ್ವಾವನ್ನು ವರ್ಣಿಸಿ, ಅದು ನಕ್ಷತ್ರಮೀನಿನ ಮರಿಯೆಂದು ಭಾವಿಸಿದರು. ಸುಮಾರು 20 ವರ್ಷಗಳ ಬಳಿಕ ರಷ್ಯಾದ ಇಲ್ಯಾ ಮೆಚ್ನಿಕಾಫ್ ಅದು ಬೆಲನೋಗ್ಲಾಸಸ್ ಎಂಬ ಹುಳುವಿನ ಮರಿಯೆಂದು ತೋರಿಸಿದರು. ಆ ಹುಳುವಿನ ಗಂಟಲಲ್ಲಿ ಮೀನಿಗಿರುವಂತೆ ಕಿವಿರು ಸೀಳುಗಳಿರುವುದನ್ನು 1866ರಲ್ಲೇ ಅಲೆಕ್ಸಾಂಡರ್ ಕೊವಲೆವ್ಸ್ಕಿ ಕಂಡಿದ್ದರು. ಮರಿ ನಕ್ಷತ್ರಮೀನಿನ ಮರಿಯಂತೆ, ಗಂಟಲು ಮೀನಿನಂತೆ! ಎರಡು ವಂಶಗಳ ನಡುವೆ ಸೇತುವೆ ಸಿಕ್ಕಂತಾಯಿತು.

ಅದೇ ವರ್ಷ ಕೊವಲೆವ್ಸ್ಕಿ ಇನ್ನೊಂದು ಅಚ್ಚರಿಯನ್ನು ಪ್ರಕಟಿಸಿದರು. ಕಲ್ಲಿಗಂಟಿ ಕೂರುವ, ಚೀಲದಂಥ ಅಸಿಡಿಯನ್ ಪ್ರಾಣಿಯನ್ನು ಹಲವರು ಬಸವನಹುಳುವಿನ ಬಳಗಕ್ಕೆ ಸೇರಿಸಿದ್ದರು. ಆದರೆ ಅದರ ಈಜುವ ಮರಿಯ ಬಾಲದಲ್ಲಿ ನೋಟೋಕಾರ್ಡ್ ಇತ್ತು. ಬೆನ್ನೆಲುಬಿಗೆ ಮುನ್ನ ನಮ್ಮ ಭ್ರೂಣದಲ್ಲೂ ಮೂಡುವ ಆಧಾರದ ಕೋಲು ಇದೇ. ಡಾರ್ವಿನ್ 1871ರ ತಮ್ಮ ಗ್ರಂಥದಲ್ಲಿ ಈ ಶೋಧವನ್ನು ಸ್ಮರಿಸಿದರು.

1908ರಲ್ಲಿ ಕಾರ್ಲ್ ಗ್ರೋಬೆನ್ ಈ ಬಳಗಕ್ಕೆ 'ಡ್ಯೂಟೆರೋಸ್ಟೋಮ್' ಎಂದು ಹೆಸರಿಟ್ಟರು. 'ಎರಡನೆಯ ಬಾಯಿ' ಎಂದು ಅದರ ಅರ್ಥ. ಇವುಗಳ ಭ್ರೂಣದಲ್ಲಿ ಮೊದಲು ಮೂಡುವ ರಂಧ್ರ ಬಾಯಿಯಾಗುವುದಿಲ್ಲ. ಬಾಯಿ ಆಮೇಲೆ ಬೇರೆಡೆ ತೆರೆಯುತ್ತದೆ. 2006ರಲ್ಲಿ ಮುಳ್ಳುಚೆಂಡಿನಂಥ ಸೀ ಅರ್ಚಿನ್‌ನ ಜೀನೋಮ್ ಓದಿದಾಗ ಸುಮಾರು 23,000 ಜೀನ್‌ಗಳು ಕಂಡವು. ಅವುಗಳಲ್ಲಿ ಅನೇಕಕ್ಕೆ ಮನುಷ್ಯನಲ್ಲೂ ಸಾಟಿಯಿದೆ.

ಮ್ಯೂಲರ್ ಮರಿಯ ಗುರುತಿನಲ್ಲಿ ಎಡವಿದರು. ಆದರೆ ಅವರು ಕಂಡ ಹೋಲಿಕೆ ಸುಳ್ಳಾಗಿರಲಿಲ್ಲ. ಒಬ್ಬರು ಬಿಟ್ಟ ಕೆಲಸವನ್ನು ಇನ್ನೊಬ್ಬರು ತಿದ್ದಿ ಮುಂದುವರಿಸಿದ್ದರಿಂದಲೇ ಇಂದಿನ ವರ್ಗೀಕರಣ ನಿಮ್ಮ ಕೈಸೇರಿದೆ. ಅದನ್ನು ಓದಿ ಅಂಕ ಗಳಿಸಿದರಷ್ಟೇ ಸಾಲದು. ಹೊರರೂಪ ಕಂಡು ತೀರ್ಪು ಕೊಡದೆ ಬುಡದವರೆಗೆ ಹೋಗಿ ನೋಡುವ ಅಭ್ಯಾಸವನ್ನೂ ಅದರಿಂದ ಕಲಿಯಿರಿ.