ವಾಗ್ದಾನ, ಧರ್ಮಶಾಸ್ತ್ರ ಮತ್ತು ಜಾತಿ: ಕ್ರೈಸ್ತರ ‘ಒಡಂಬಡಿಕೆ’ ಚರ್ಚೆ ಏನು?

ಬೈಬಲ್ಲಿನ ಎರಡು ಭಾಗಗಳನ್ನು ಕನ್ನಡದಲ್ಲಿ ಹಳೆಯ ಒಡಂಬಡಿಕೆ, ಹೊಸ ಒಡಂಬಡಿಕೆ ಅಂತ ಕರೀತಾರೆ. ಒಡಂಬಡಿಕೆ ಅಂದರೆ ಒಪ್ಪಂದ, ಇಲ್ಲಿ ದೇವರಿಗೂ ಜನರಿಗೂ ನಡುವಿನದು. ಹಳೆಯದರೊಳಗೇ ಎರಡು ಬಗೆಯ ಒಪ್ಪಂದಗಳಿವೆ. ಅಬ್ರಹಾಮನಿಗೆ ಸಿಕ್ಕಿದ್ದು ವಾಗ್ದಾನ: ಅವನ ಮೂಲಕ ಲೋಕದ ಎಲ್ಲ ಕುಲಗಳಿಗೂ ಒಳಿತಾಗುತ್ತದೆ ಎಂಬ ಮಾತು. ಸೀನಾಯಿ ಬೆಟ್ಟದಲ್ಲಿ ಮೋಶೆಗೆ ಸಿಕ್ಕಿದ್ದು ಕಟ್ಟಳೆ: ಹತ್ತು ಆಜ್ಞೆಗಳು, ಜೊತೆಗೆ ಊಟ, ಹಬ್ಬ, ಬಲಿ, ಮಡಿ-ಮೈಲಿಗೆ, ದಂಡನೆಯ ನಿಯಮಗಳು. ಇದಕ್ಕೆ ಕನ್ನಡ ಬೈಬಲ್ಲಿನಲ್ಲಿ ‘ಧರ್ಮಶಾಸ್ತ್ರ’, ‘ನ್ಯಾಯಪ್ರಮಾಣ’ ಎಂಬ ಪದಗಳಿವೆ. ಧರ್ಮಶಾಸ್ತ್ರ ಅಂದಕೂಡಲೇ ನಮಗೆ ಮನು ನೆನಪಾಗ್ತಾನೆ. ಯೆಹೂದ್ಯರ ಕಟ್ಟಳೆಯಲ್ಲಿ ವರ್ಣವ್ಯವಸ್ಥೆ ಇಲ್ಲ, ಹಾಗಾಗಿ ಹೋಲಿಕೆಯನ್ನು ಬಹಳ ಎಳೆಯೋದು ಬೇಡ.

ಆದರೂ ಕ್ರೈಸ್ತರಲ್ಲಿ ಈ ಜಗಳ ಕಾವೇರಿದ್ದು ಊಟದ ಪಂಕ್ತಿಯಲ್ಲೇ. ಅಂತಿಯೋಕ್ಯದಲ್ಲಿ ಯೆಹೂದ್ಯರಲ್ಲದ ವಿಶ್ವಾಸಿಗಳ ಜೊತೆ ಉಣ್ಣುತ್ತಿದ್ದ ಪೇತ್ರ, ಯೆರೂಸಲೇಮಿನ ಕಡೆಯವರು ಬಂದಾಗ ಹಿಂದೆ ಸರಿದ. ಪೌಲ ಎಲ್ಲರೆದುರೇ ಅವನನ್ನು ತರಾಟೆಗೆ ತಗೊಂಡ. ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಅವನ ವಾದ ಹೀಗಿದೆ: ವಾಗ್ದಾನ ಬಂದು 430 ವರ್ಷಗಳಾದ ಮೇಲೆ ಕಟ್ಟಳೆ ಬಂತು, ಆಮೇಲೆ ಬಂದದ್ದು ಮೊದಲಿನದನ್ನು ರದ್ದು ಮಾಡಲಾರದು. ಅಬ್ರಹಾಮನ ವಾರಸುದಾರ ಆಗೋಕೆ ಹುಟ್ಟು ಬೇಕಿಲ್ಲ, ಸುನ್ನತಿ ಬೇಕಿಲ್ಲ, ನಂಬಿಕೆ ಸಾಕು.

ಹಾಗಾದರೆ ಕಟ್ಟಳೆ ಪೂರಾ ಬಿದ್ದುಹೋಯಿತಾ? ಇಲ್ಲಿ ಸಭೆಗಳ ಉತ್ತರ ಬೇರೆ ಬೇರೆ. ಬೆಳಗಾವಿಯಲ್ಲಿ ಲಂಡನ್ ಮಿಷನ್ 1820ರಲ್ಲಿ ಶುರು ಮಾಡಿದ ಕೆಲಸ 1904ರಲ್ಲಿ ಮೆಥೋಡಿಸ್ಟರ ಕೈಗೆ ಬಂತು. ಅವರ ವಿಶ್ವಾಸದ 25 ವಿಧಿಗಳಲ್ಲಿ ಆರನೆಯದು ಕಟ್ಟಳೆಯನ್ನು ಮೂರು ಪಾಲು ಮಾಡುತ್ತದೆ. ಆಚರಣೆಯ ನಿಯಮಗಳು ಕ್ರೈಸ್ತರಿಗೆ ಅನ್ವಯಿಸಲ್ಲ. ನೈತಿಕ ಆಜ್ಞೆಗಳಿಂದ ಯಾರಿಗೂ ವಿನಾಯಿತಿ ಇಲ್ಲ. ಮೋಶೆಯ ರಾಜ್ಯಾಡಳಿತದ ಕಾನೂನನ್ನು ಯಾವ ಸರ್ಕಾರವೂ ಒಪ್ಪಿಕೊಳ್ಳಲೇಬೇಕಿಲ್ಲ. ಧರ್ಮಗ್ರಂಥವನ್ನೇ ದೇಶದ ಕಾನೂನು ಮಾಡಬೇಕು ಅನ್ನುವವರು ಎಲ್ಲ ಧರ್ಮಗಳಲ್ಲೂ ಇರುವ ಈ ಹೊತ್ತಲ್ಲಿ ಕೊನೆಯ ಮಾತನ್ನು ಇನ್ನೊಮ್ಮೆ ಓದಬೇಕು.

ಬೈಲಹೊಂಗಲ, ಕಿತ್ತೂರು ಸೀಮೆಗೆ ಒಂದು ಬದಿಗೆ ಬೆಳಗಾವಿಯಾದರೆ ಇನ್ನೊಂದು ಬದಿಗೆ ಧಾರವಾಡ. ಅಲ್ಲಿಗೆ 1837ರಲ್ಲಿ ಬಾಸೆಲ್ ಮಿಷನ್ ಬಂತು, 1839ರಲ್ಲಿ ಹುಬ್ಬಳ್ಳಿಗೆ. ಅಂತಿಯೋಕ್ಯದ ಪ್ರಶ್ನೆ ಇಲ್ಲಿ ಜಾತಿಯ ರೂಪದಲ್ಲಿ ಎದುರಾಯಿತು: ದೀಕ್ಷಾಸ್ನಾನ ಆದವರು ಕೂಡಿ ಉಣ್ಣಬೇಕಾ? ತಮಿಳು ಸೀಮೆಯ ಲೈಪ್ಸಿಗ್ ಮಿಷನ್, ಜಾತಿ ಸಾಮಾಜಿಕ ವಿಷಯ ಅಂತ ಸಹಿಸಿಕೊಂಡಿತು. ಬಾಸೆಲ್‌ನವರು ಒಪ್ಪಲಿಲ್ಲ, ಜಾತಿ ಬಿಟ್ಟೇ ಬರಬೇಕು ಅಂದರು. ಹಾಗೆ ಬಂದವರ ಕುಲಕಸುಬೂ ಹೋಯಿತು. ಮಂಗಳೂರಿನ ನೇಯ್ಗೆ, ಹಂಚಿನ ಕಾರ್ಖಾನೆಗಳು ಹುಟ್ಟೋಕೆ ಇದೂ ಒಂದು ಕಾರಣ. ಈ ವಿಷಯದಲ್ಲಿ ಬಾಸೆಲ್‌ನವರೇ ಪೌಲನಿಗೆ ಹತ್ತಿರ ಅನ್ನೋದು ನನ್ನ ಅಭಿಪ್ರಾಯ, ಅವರ ಶಿಸ್ತಿನ ಬಿಗಿ ಎಷ್ಟೇ ಕಿರಿಕಿರಿ ಅನಿಸಿದರೂ.

ಆದರೆ ಇದೇ ವಾದ ದಲಿತ ಕ್ರೈಸ್ತರಿಗೆ ತಿರುಗುಬಾಣವೂ ಆಗಿದೆ. ಪರಿಶಿಷ್ಟ ಜಾತಿಗಳ ಕುರಿತ 1950ರ ರಾಷ್ಟ್ರಪತಿ ಆದೇಶ ಮೊದಲು ಹಿಂದೂಗಳಿಗೆ ಸೀಮಿತವಾಗಿತ್ತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತರು, ಮುಸ್ಲಿಮರು ಹೊರಗೇ ಉಳಿದರು. ಕೊಡುವ ಕಾರಣ: ನಿಮ್ಮ ಧರ್ಮದಲ್ಲಿ ಜಾತಿ ಇಲ್ಲವಲ್ಲ! ವಾಗ್ದಾನದ ದೇವರಲ್ಲಿ ಜಾತಿ ಇಲ್ಲ ಸರಿ, ತಿರುಚ್ಚಿಯ ಕ್ರೈಸ್ತ ಸ್ಮಶಾನದೊಳಗೆ ಜಾತಿಗೋಡೆ ಇತ್ತಲ್ಲ? 2007ರಲ್ಲಿ ರಂಗನಾಥ ಮಿಶ್ರಾ ಆಯೋಗ ಪರಿಶಿಷ್ಟ ಜಾತಿ ಸ್ಥಾನಕ್ಕೆ ಧರ್ಮದ ಷರತ್ತು ತೆಗೀರಿ ಅಂತ ಶಿಫಾರಸು ಮಾಡಿತು. ಅದನ್ನು ಜಾರಿಗೆ ತರದ ಕೇಂದ್ರ ಸರ್ಕಾರ, 2022ರ ಅಕ್ಟೋಬರ್‌ನಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ನೇತೃತ್ವದಲ್ಲಿ ಮತ್ತೊಂದು ಆಯೋಗ ನೇಮಿಸಿತು.