ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯಕ್ಕೆ ಕುಟುಂಬ ಭೇಟಿ: ಚಿತ್ರದುರ್ಗ ಜಿಲ್ಲೆಯ ನಾಗರಿಕರಿಗೆ ಮಾಹಿತಿ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಹಾಗೂ ಹೊಳಲ್ಕೆರೆ ತಾಲ್ಲೂಕುಗಳ ಕುಟುಂಬಗಳು ಒಂದೇ ದಿನದಲ್ಲಿ ಹೋಗಿ ಬರಬಹುದಾದ, ಮಕ್ಕಳು ಉಪಕರಣಗಳನ್ನು ಸ್ವತಃ ಮುಟ್ಟಿ, ತಿರುಗಿಸಿ, ಎಳೆದು ಕಲಿಯಬಹುದಾದ ಸ್ಥಳವೆಂದರೆ ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿರುವ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ. ಅಂದಿನ ಪ್ರಧಾನಮಂತ್ರಿ ಜವಾಹರಲಾಲ್ ನೆಹರು ಅವರು ಇದನ್ನು 1962ರ ಜುಲೈ 14ರಂದು ಉದ್ಘಾಟಿಸಿದರು. ವಿದ್ಯುಚ್ಛಕ್ತಿಗೆ ಸಂಬಂಧಿಸಿದ ಪ್ರಥಮ ವಿಭಾಗವು 1965ರಲ್ಲಿ ಸಾರ್ವಜನಿಕರಿಗೆ ತೆರೆಯಲ್ಪಟ್ಟಿತು. ರಾಷ್ಟ್ರೀಯ ವಿಜ್ಞಾನ ಸಂಗ್ರಹಾಲಯಗಳ ಪರಿಷತ್ತು ಇದನ್ನು ನಿರ್ವಹಿಸುತ್ತದೆ.

ಚಿತ್ರದುರ್ಗ ನಗರದ ಸರ್ಕಾರಿ ವಸ್ತುಸಂಗ್ರಹಾಲಯವನ್ನು ನೋಡಿರುವ ಮಕ್ಕಳಿಗೆ ಪ್ರಾಚ್ಯವಸ್ತುಗಳನ್ನು ಮುಟ್ಟಬಾರದೆಂಬ ನಿಯಮವು ತಿಳಿದಿರುತ್ತದೆ. ಅಲ್ಲಿ ಆ ನಿಯಮ ಅತ್ಯಗತ್ಯ. ಇಲ್ಲಿ ಅದಕ್ಕೆ ವಿರುದ್ಧವಾದ ಕ್ರಮವಿದೆ. ಗುಂಡಿ ಒತ್ತದೆ, ಹಿಡಿಕೆ ತಿರುಗಿಸದೆ ಹೆಚ್ಚಿನ ಮಾದರಿಗಳು ಏನನ್ನೂ ತಿಳಿಸುವುದಿಲ್ಲ. ಮಕ್ಕಳು ಕೈ ಚಾಚಿದೊಡನೆ ಹಿರಿಯರು ಅಭ್ಯಾಸಬಲದಿಂದ ತಡೆಯುವುದುಂಟು. ದಿನದ ಕೂಲಿಯನ್ನೂ ಪ್ರಯಾಣದ ವೆಚ್ಚವನ್ನೂ ತೆತ್ತು ಬಂದ ಕುಟುಂಬಕ್ಕೆ ಇದರಿಂದ ಆಗುವ ನಷ್ಟ ಸಣ್ಣದಲ್ಲ.

ಎಲ್ಲ ವಿಭಾಗಗಳನ್ನೂ ಒಂದೇ ದಿನ ಮುಗಿಸಬೇಕೆಂಬ ಆತುರವೂ ಬೇಡ. ಚಿಕ್ಕ ಮಕ್ಕಳಿದ್ದಲ್ಲಿ ಮಕ್ಕಳ ವಿಜ್ಞಾನ ವಿಭಾಗ ಹಾಗೂ ಮೋಜಿನ ವಿಜ್ಞಾನ ವಿಭಾಗಗಳಿಗೆ ಹೆಚ್ಚು ಸಮಯ ಮೀಸಲಿಡುವುದು ಸೂಕ್ತ. ಇಂಜಿನ್ ವಿಭಾಗದಲ್ಲಿ ಯಂತ್ರಗಳ ಒಳಭಾಗವು ಹೇಗೆ ಚಲಿಸುತ್ತದೆಂಬುದನ್ನು ಕಾಣಬಹುದು. ಬಾವಿಯ ಪಂಪ್‌ಸೆಟ್ ಬಿಚ್ಚಿ ನೋಡಿರುವ ಗ್ರಾಮೀಣ ಬಾಲಕರು ಇಲ್ಲಿಂದ ಬೇಗ ಕದಲುವುದಿಲ್ಲ. ರೈಟ್ ಸಹೋದರರು 1903ರಲ್ಲಿ ಹಾರಿಸಿದ ವಿಮಾನದ ಪೂರ್ಣಗಾತ್ರದ ಪ್ರತಿಕೃತಿಯೂ ಇದೆ.

ಹಿರಿಯೂರು ಭಾಗದವರು ತಮ್ಮ ಮಕ್ಕಳಿಗೆ ಹೇಳಬಹುದಾದ ವಿಷಯವೊಂದಿದೆ. ವೇದಾವತಿ ನದಿಗೆ ಅಡ್ಡಲಾಗಿರುವ ವಾಣಿವಿಲಾಸ ಸಾಗರವನ್ನು, ಅಂದರೆ ಮಾರಿಕಣಿವೆಯನ್ನು, ಸರ್ ಎಂ. ವಿಶ್ವೇಶ್ವರಯ್ಯನವರೇ ಕಟ್ಟಿಸಿದರೆಂದು ಅನೇಕರು ಭಾವಿಸಿರುತ್ತಾರೆ. ಅಣೆಕಟ್ಟೆಯ ಕಾಮಗಾರಿ 1907ರಲ್ಲಿ ಪೂರ್ಣಗೊಂಡಿತು. ಅವರು ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರ್ ಆಗಿ ಬಂದುದು 1909ರಲ್ಲಿ. ಈ ಜಲಾಶಯವು 1933ರ ನಂತರ 2022ರಲ್ಲಿ ಕೋಡಿ ಬಿದ್ದಾಗ ಜಿಲ್ಲೆಯ ಜನರು ಮಕ್ಕಳೊಂದಿಗೆ ತಂಡೋಪತಂಡವಾಗಿ ಹೋಗಿ ನೋಡಿದರು. ಆ ನೀರನ್ನು ಕಂಡ ಮಗುವಿಗೆ, ಹರಿಯುವ ನೀರು ಚಕ್ರವನ್ನು ತಿರುಗಿಸಿ ವಿದ್ಯುತ್ತಾಗುವ ಬಗೆಯನ್ನು ವಿವರಿಸುವುದು ಸುಲಭ.

ಚಿತ್ರದುರ್ಗದಿಂದ ಬೆಂಗಳೂರು ಸುಮಾರು 200 ಕಿ.ಮೀ., ಹಿರಿಯೂರಿನಿಂದ ಸುಮಾರು 160 ಕಿ.ಮೀ. ದೂರದಲ್ಲಿದ್ದು, ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಬಸ್ಸುಗಳು ಸಂಚರಿಸುತ್ತವೆ. ಹೊಳಲ್ಕೆರೆ ತಾಲ್ಲೂಕಿನವರು ಚಿಕ್ಕಜಾಜೂರು ಜಂಕ್ಷನ್‌ನಿಂದ, ಹೊಸದುರ್ಗದವರು ಹೊಸದುರ್ಗ ರೋಡ್ ನಿಲ್ದಾಣದಿಂದ ರೈಲಿನಲ್ಲಿಯೂ ಪ್ರಯಾಣಿಸಬಹುದು. ಹೊಸದುರ್ಗ ರೋಡ್ ನಿಲ್ದಾಣವು ಪಟ್ಟಣದಿಂದ ದೂರವಿರುವುದರಿಂದ ಮುಂಜಾನೆಯ ವಾಹನವನ್ನು ಹಿಂದಿನ ದಿನವೇ ಗೊತ್ತುಮಾಡಿಕೊಳ್ಳತಕ್ಕದ್ದು. ಮೆಜೆಸ್ಟಿಕ್‌ನಿಂದ ಮೆಟ್ರೋ ಮೂಲಕ ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿಯಬಹುದಾಗಿದೆ.

ಸಂಗ್ರಹಾಲಯವು ಸಾಮಾನ್ಯವಾಗಿ ಬೆಳಿಗ್ಗೆ 9.30ರಿಂದ ಸಂಜೆ 6ರವರೆಗೆ ತೆರೆದಿರುತ್ತದೆ; ಗಣೇಶ ಚತುರ್ಥಿ ಹಾಗೂ ದೀಪಾವಳಿಯಂದು ರಜೆ ಇರುತ್ತದೆ. ಭಾನುವಾರ ಮತ್ತು ಶಾಲಾ ರಜಾದಿನಗಳಲ್ಲಿ ಜನಸಂದಣಿ ಹೆಚ್ಚಾಗಿ, ಒಂದೊಂದು ಮಾದರಿಯ ಮುಂದೆಯೂ ಕಾಯಬೇಕಾಗುವುದು. ಪ್ರವೇಶ ಶುಲ್ಕವು ಕಾಲಕಾಲಕ್ಕೆ ಪರಿಷ್ಕೃತವಾಗುವುದರಿಂದ ಹೊರಡುವ ಮುನ್ನ ವಿಚಾರಿಸಿಕೊಳ್ಳುವುದು. ಶಾಲೆಯ ವತಿಯಿಂದ ತೆರಳುವ ತಂಡಗಳು ಮುಖ್ಯೋಪಾಧ್ಯಾಯರ ಪತ್ರವನ್ನು ಜೊತೆಯಲ್ಲಿ ಒಯ್ಯುವುದು.

ಬೆಂಗಳೂರಿಗೆ ಹೋಗಲಾಗದ ಕುಟುಂಬಗಳು ಚಿತ್ರದುರ್ಗದ ಕೋಟೆಯಲ್ಲಿಯೇ ಇಂಥ ದಿನವೊಂದನ್ನು ಕಳೆಯಬಹುದು. ಬೆಟ್ಟದ ಮೇಲಿನ ಗೋಪಾಲಸ್ವಾಮಿ ಹೊಂಡದಿಂದ ಆರಂಭಿಸಿ, ಮೇಲಿನ ಹೊಂಡ ತುಂಬಿದ ಬಳಿಕ ಮಳೆನೀರು ಕೆಳಗಿನದಕ್ಕೆ ಇಳಿಯುವ ಜಾಡನ್ನು ಮಕ್ಕಳೊಂದಿಗೆ ನಡೆದು ನೋಡಬಹುದಾಗಿದೆ. ಹೊಂಡಗಳ ಅಂಚಿನಲ್ಲಿ ಮಕ್ಕಳ ಕೈ ಬಿಡಕೂಡದು.