ಕೊಳ್ಳೆಯ ನಂತರ ಹಾಕಿದ ಬಾಗಿಲು

ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ ಎಂದು ನಗುವುದು ನಮ್ಮ ವಾಡಿಕೆ. ಕಚೇರಿ, ಮಳಿಗೆ, ಆಸ್ಪತ್ರೆ, ಗೋದಾಮುಗಳನ್ನು ನೆರೆಯಿಂದ ಕಾಯುವ ವಿದ್ಯೆಯ ಚರಿತ್ರೆ ಬಹುಮಟ್ಟಿಗೆ ಹೀಗೆ ತಡವಾಗಿ ಹಾಕಿದ ಬಾಗಿಲುಗಳ ಚರಿತ್ರೆಯೇ. ಆದರೆ ನೀರು ಒಮ್ಮೆ ಬಂದ ದಾರಿಯನ್ನು ಮರೆಯುವುದಿಲ್ಲ; ಮತ್ತೆ ಬರುತ್ತದೆ. ಹಾಗಾಗಿ ಈ ಗಾದೆಯನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ಓದಬೇಕು.

ಅಮೆರಿಕದ ಭೂಗೋಳತಜ್ಞ ಗಿಲ್ಬರ್ಟ್ ವೈಟ್ 1940ರ ದಶಕದಲ್ಲೇ ಅಣೆಕಟ್ಟು, ಏರಿಗಳನ್ನಷ್ಟೇ ನಂಬಿ ಕೂರಬಾರದು, ಕಟ್ಟಡ ಮತ್ತು ನೆಲದ ಬಳಕೆಯೂ ಬದಲಾಗಬೇಕು ಎಂದು ವಾದಿಸಿದರು. ವೈಟ್ ಅವರದೇ ಶಿಕಾಗೊ ವಿಶ್ವವಿದ್ಯಾಲಯದಿಂದ ಜಾನ್ ಶೇಫರ್ 1960ರಲ್ಲಿ 'ಫ್ಲಡ್‌ಪ್ರೂಫಿಂಗ್' ಬಗ್ಗೆ ಅಧ್ಯಯನ ಪ್ರಕಟಿಸಿದರು. 1968ರಲ್ಲಿ ಅಲ್ಲಿ ರಾಷ್ಟ್ರೀಯ ನೆರೆವಿಮೆ ಕಾಯ್ದೆ ಬಂತು. ಅದರಡಿ ರೂಪುಗೊಂಡ ನಿಯಮಗಳು ನೆರೆವಲಯದ ಹೊಸ ಮನೆಯನ್ನು ಎತ್ತರಿಸಿಯೇ ಕಟ್ಟಬೇಕು ಎಂದವು. ವಾಣಿಜ್ಯ ಕಟ್ಟಡಕ್ಕೆ ಮಾತ್ರ ನೆಲಮಟ್ಟದಲ್ಲೇ ಇದ್ದು ನೀರು ನುಗ್ಗದಂತೆ ಮಾಡಿಕೊಳ್ಳುವ ಅವಕಾಶ ಕೊಟ್ಟವು. ಗಿರಾಕಿ ಬೀದಿಯಿಂದಲೇ ಒಳಬರಬೇಕಾದ ಅಂಗಡಿಯನ್ನು ಕಂಬದ ಮೇಲೆ ಕೂರಿಸುವುದು ಹೇಗೆ?

ನೆಲಮಟ್ಟದ ಕಟ್ಟಡವನ್ನು ನೆರೆಯಿಂದ ಉಳಿಸಲು ಎರಡು ದಾರಿಗಳಿವೆ. ಮೊದಲನೆಯದು ನೀರನ್ನು ಹೊರಗೇ ನಿಲ್ಲಿಸುವುದು: ಬಾಗಿಲಿಗೆ ತಡೆಹಲಗೆ, ಗೋಡೆಗೆ ಜಲನಿರೋಧಕ ಲೇಪ, ಚರಂಡಿ ನೀರು ಹಿಮ್ಮರಳದಂತೆ ವಾಲ್ವ್, ಜಿನುಗಿದ್ದನ್ನು ಎತ್ತಿ ಹಾಕುವ ಪಂಪು. ಆದರೆ ನೀರಿನ ಭಾರ ಸಣ್ಣದಲ್ಲ. ಒಂದು ಮೀಟರ್ ಎತ್ತರ ನಿಂತ ನೀರು ಗೋಡೆಯ ಬುಡದಲ್ಲಿ ಚದರ ಮೀಟರಿಗೆ ಒಂದು ಟನ್ನಿನಷ್ಟು ಒತ್ತುತ್ತದೆ. ಖಾಲಿ ಕೊಡವನ್ನು ಬಾವಿಯ ನೀರಿಗೆ ಒತ್ತಿದರೆ ಹೇಗೆ ಮೇಲಕ್ಕೆ ನೂಕುತ್ತದೋ, ನೆನೆದ ಮಣ್ಣು ಖಾಲಿ ಬೇಸ್‌ಮೆಂಟನ್ನು ಹಾಗೆಯೇ ಎತ್ತಲು ನೋಡುತ್ತದೆ. ಆದ್ದರಿಂದ ಸಾಧಾರಣ ಗೋಡೆಯಿಂದ ಮೂರಡಿಗಿಂತ ಹೆಚ್ಚು ನೀರನ್ನು ತಡೆಯಹೊರಟರೆ ಗೋಡೆಗೇ ಅಪಾಯ.

ಎರಡನೆಯ ದಾರಿ ನೀರನ್ನು ತಾವಾಗಿಯೇ ಒಳಬಿಡುವುದು. ಪ್ರತಿ ಚದರ ಅಡಿ ನೆಲಕ್ಕೆ ಒಂದು ಚದರ ಅಂಗುಲದ ಲೆಕ್ಕದಲ್ಲಿ ಗೋಡೆಯ ಬುಡದಲ್ಲಿ ಕಿಂಡಿ ಇಟ್ಟರೆ ಒಳಗಿನ ನೀರು, ಹೊರಗಿನ ನೀರು ಒಂದೇ ಮಟ್ಟಕ್ಕೆ ಬಂದು ಗೋಡೆ ಉಳಿಯುತ್ತದೆ. ಷರತ್ತು ಒಂದೇ: ಕೆಳಗೆ ಕೆಡುವಂಥದ್ದು ಏನೂ ಇರಕೂಡದು. ಇಲ್ಲಿ ಪ್ರಶ್ನೆಯೇ ಬದಲಾಯಿತು. ನೀರನ್ನು ಹೇಗೆ ತಡೆಯುವುದು ಎಂಬುದರ ಜಾಗದಲ್ಲಿ ಯಾವುದು ಎಲ್ಲಿರಬೇಕು ಎಂಬುದು ಬಂತು. ಹೊಳೆದಂಡೆಯ ಅಂಗಡಿಕಾರ ಮಳೆಗಾಲಕ್ಕೆ ಮುಂಚೆ ಅಕ್ಕಿಮೂಟೆಯನ್ನು ಅಟ್ಟಕ್ಕೇರಿಸುವಾಗ ಉತ್ತರಿಸುವುದೂ ಇದೇ ಪ್ರಶ್ನೆಗೆ.

ದೊಡ್ಡ ಕಟ್ಟಡಗಳಿಗೆ ಈ ಅಟ್ಟದ ಬುದ್ಧಿ ಬರಲು ಬಹಳ ಕಾಲ ಹಿಡಿಯಿತು. 1992ರ ಏಪ್ರಿಲ್ 13ರಂದು ಶಿಕಾಗೊದಲ್ಲಿ ಮಳೆಯ ಕಾಟವೇನೂ ಇರಲಿಲ್ಲ. ನದಿಯಡಿಯ ಹಳೆಯ ಸರಕು ಸುರಂಗ ಒಡೆದು, ನಗರಮಧ್ಯದ ಕಟ್ಟಡಗಳ ನೆಲಮಾಳಿಗೆಗಳು ಒಂದರ ಹಿಂದೊಂದು ತುಂಬಿಕೊಂಡವು. 2012ರ ಅಕ್ಟೋಬರ್‌ನಲ್ಲಿ ಸ್ಯಾಂಡಿ ಚಂಡಮಾರುತ ನ್ಯೂಯಾರ್ಕಿಗೆ ಬಂದಾಗ ಬೆಲ್ವ್ಯೂ ಆಸ್ಪತ್ರೆಯ ಜನರೇಟರುಗಳು 13ನೇ ಮಹಡಿಯಲ್ಲಿ ಸುರಕ್ಷಿತವಾಗಿದ್ದವು. ಅವುಗಳಿಗೆ ಇಂಧನ ಏರಿಸುವ ಪಂಪುಗಳು ಮಾತ್ರ ನೆಲಮಾಳಿಗೆಯಲ್ಲಿ ಮುಳುಗಿದವು. ಜನ ಮೆಟ್ಟಿಲುಗಳ ಮೇಲೆ ಸಾಲಾಗಿ ನಿಂತು ಕೈಯಿಂದ ಕೈಗೆ ಡೀಸೆಲ್ ದಾಟಿಸಬೇಕಾಯಿತು. ಯಂತ್ರ ಮೇಲಿದ್ದರೆ ಸಾಲದು, ಅದರ ಪರಿವಾರವೂ ಮೇಲಿರಬೇಕು.

ನೀರು ಇಳಿದ ನಂತರದ ಕೆಲಸಕ್ಕೂ ತನ್ನದೇ ಚರಿತ್ರೆಯಿದೆ. 1966ರ ನವೆಂಬರ್‌ನಲ್ಲಿ ಆರ್ನೊ ನದಿ ಫ್ಲಾರೆನ್ಸಿನ ಗ್ರಂಥಾಲಯಗಳಿಗೆ ನುಗ್ಗಿದಾಗ ಕೆಸರು ಮೆತ್ತಿದ ಪುಸ್ತಕಗಳನ್ನು ಒಣಗಿಸುವುದೇ ಒಂದು ಶಾಸ್ತ್ರವಾಯಿತು. 1972ರಲ್ಲಿ ನ್ಯೂಯಾರ್ಕ್ ರಾಜ್ಯದ ಕಾರ್ನಿಂಗ್ ಗಾಜಿನ ಮ್ಯೂಸಿಯಂ ಮುಳುಗಿದಾಗ, ನೆನೆದ ಪುಸ್ತಕಗಳನ್ನು ಹೆಪ್ಪುಗಟ್ಟಿಸಿಟ್ಟು ಬೂಷ್ಟು ಹಿಡಿಯದಂತೆ ಕಾಲಾವಕಾಶ ಗಳಿಸಿಕೊಂಡರು. ಕಟ್ಟಡಗಳನ್ನು ಒಣಗಿಸುವ ಕಸುಬಿಗೆ ಲಿಖಿತ ಮಾನದಂಡ ಬಂದದ್ದು 1994ರಲ್ಲಿ, ಈ ಕಸುಬಿನವರಿಗೆ ಪ್ರಮಾಣಪತ್ರ ಕೊಡುವ ಐಐಸಿಆರ್‌ಸಿ ಸಂಸ್ಥೆಯ ಎಸ್500 ಮೂಲಕ. ಅದು ನೀರನ್ನು ಮೂರಾಗಿ ವಿಂಗಡಿಸುತ್ತದೆ: ಒಡೆದ ಕೊಳಾಯಿಯ ಶುದ್ಧ ನೀರು, ಬಳಸಿಬಿಟ್ಟ ನೀರು, ಚರಂಡಿ ಮತ್ತು ನೆರೆಯ ಕೊಳಕು ನೀರು. ಯಾವುದನ್ನು ಒಣಗಿಸಿ ಉಳಿಸಬಹುದು, ಯಾವುದನ್ನು ಕಿತ್ತೆಸೆಯಬೇಕು ಎಂಬುದು ಇದರ ಮೇಲೆ ನಿಂತಿದೆ. ಬೂಷ್ಟಿಗೆ ಒಂದೆರಡು ದಿನ ಸಾಕು, ಹಾಗಾಗಿ ಅವಸರ ಬೇಕು. ಆದರೆ ತುಂಬಿದ ಬೇಸ್‌ಮೆಂಟನ್ನು ಒಮ್ಮೆಗೇ ಬರಿದು ಮಾಡಬಾರದು. ಹೊರಗಿನ ನೆನೆದ ಮಣ್ಣು ಗೋಡೆಯನ್ನು ಒಳಕ್ಕೆ ಕೆಡವೀತು. ದಿನಕ್ಕೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು. ಅದಕ್ಕೂ ಮೊದಲು ಕರೆಂಟ್ ತೆಗೆಸಬೇಕು. 2025ರ ಮೇನಲ್ಲಿ ಬೆಂಗಳೂರಿನ ಬಿಟಿಎಂ ಲೇಔಟಿನ ವಸತಿ ಸಮುಚ್ಚಯವೊಂದರಲ್ಲಿ ಬೇಸ್‌ಮೆಂಟಿನ ನೀರು ಹೊರಹಾಕುವಾಗ ವಿದ್ಯುತ್ ತಗುಲಿ ಇಬ್ಬರು ಸತ್ತರು. ಒಬ್ಬ ಇನ್ನೂ ಬಾಲಕ.

ನಮ್ಮ ದೇಶದ ಪಾಠಗಳೂ ಕೊಳ್ಳೆಯ ನಂತರದವೇ. 2005ರ ಜುಲೈ 26ರಂದು ಮುಂಬೈನ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿಯಿತು, ನಗರದ ನೆರೆಯನ್ನು ಬೇರೆಯೇ ಸಮಸ್ಯೆಯೆಂದು ಕಾಣುವ ರಾಷ್ಟ್ರೀಯ ಮಾರ್ಗಸೂಚಿ 2010ರಲ್ಲಿ ಬಂತು. 2024ರ ಜುಲೈನಲ್ಲಿ ದೆಹಲಿಯ ಕೋಚಿಂಗ್ ಕೇಂದ್ರವೊಂದರ ಬೇಸ್‌ಮೆಂಟಿನಲ್ಲಿದ್ದ ಗ್ರಂಥಾಲಯಕ್ಕೆ ನೀರು ನುಗ್ಗಿ ಮೂವರು ವಿದ್ಯಾರ್ಥಿಗಳು ಪ್ರಾಣ ಕಳೆದುಕೊಂಡರು. ಯಾವುದು ಎಲ್ಲಿರಬೇಕು ಎಂಬ ಪ್ರಶ್ನೆಯಲ್ಲಿ ಮನುಷ್ಯರೂ ಸೇರಿದ್ದಾರೆ.

ಬೆಂಗಳೂರು ಕಲಿಸಿದ್ದು ಇನ್ನೊಂದು. 2022ರ ಆಗಸ್ಟ್ 30ರಂದು ಹೊರವರ್ತುಲ ರಸ್ತೆ ಮುಳುಗಿದ ಆ ಒಂದು ದಿನಕ್ಕೆ ಅಲ್ಲಿನ ಕಂಪನಿಗಳ ಸಂಘ ಹೇಳಿದ ನಷ್ಟ 225 ಕೋಟಿ ರೂಪಾಯಿ. ಅದು ಉದ್ಯೋಗಿಗಳು ಗಂಟೆಗಟ್ಟಲೆ ರಸ್ತೆಯಲ್ಲಿ ಸಿಕ್ಕಿಬಿದ್ದದ್ದರ ಲೆಕ್ಕ. 2021ರಿಂದ ಸಣ್ಣ ಉದ್ದಿಮೆಗಳಿಗೆಂದೇ ಇರುವ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾದಂಥ ವಿಮೆ ನೆರೆಯಿಂದ ಕೆಟ್ಟ ಕಟ್ಟಡ, ದಾಸ್ತಾನುಗಳಿಗೆ ಪರಿಹಾರ ಕೊಡುತ್ತದೆ. ರಸ್ತೆ ಮುಳುಗಿ ಬಾಗಿಲು ತೆರೆಯದ ದಿನವನ್ನು ಸಾಮಾನ್ಯವಾಗಿ ಕಟ್ಟಿಕೊಡುವುದಿಲ್ಲ. ರಾಜಕಾಲುವೆ ಕಟ್ಟಿಕೊಂಡ ಕಡೆ ಎಷ್ಟು ಒಳ್ಳೆಯ ತಡೆಹಲಗೆ ಇದ್ದರೂ ಕಚೇರಿಯೊಂದು ನಡುಗಡ್ಡೆ ಅಷ್ಟೆ.

ಇನ್ನು ಗಾದೆಗೆ ಮರಳಬಹುದು. 2001ರ ಜೂನ್‌ನಲ್ಲಿ ಆಲಿಸನ್ ಬಿರುಮಳೆ ಹ್ಯೂಸ್ಟನ್ನಿನ ಟೆಕ್ಸಾಸ್ ಮೆಡಿಕಲ್ ಸೆಂಟರ್‌ನ ನೆಲಮಾಳಿಗೆಗಳನ್ನು ತುಂಬಿಸಿತು. ವಿದ್ಯುತ್ ಹೋಯಿತು, ರೋಗಿಗಳನ್ನು ಸಾಗಿಸಬೇಕಾಯಿತು, ಪ್ರಯೋಗಾಲಯದ ಸಾವಿರಾರು ಪ್ರಾಣಿಗಳು ಸತ್ತವು. ಆಮೇಲೆ ಅಲ್ಲಿ ಜಲಾಂತರ್ಗಾಮಿಯ ಬಾಗಿಲಿನಂಥ ಉಕ್ಕಿನ ಕದಗಳನ್ನು ಹಾಕಿದರು, ವಿದ್ಯುತ್ ಸಲಕರಣೆಗಳನ್ನು ಮೇಲಕ್ಕೇರಿಸಿದರು. 2017ರ ಆಗಸ್ಟ್‌ನಲ್ಲಿ ಹಾರ್ವೆ ಚಂಡಮಾರುತ ಬಂದಾಗ ಕದಗಳನ್ನು ಮುಚ್ಚಿದರು. ಊರೇ ಮುಳುಗಿದ ಆ ದಿನಗಳಲ್ಲಿ ಅಲ್ಲಿನ ಬಹುಪಾಲು ಆಸ್ಪತ್ರೆಗಳು ಕೆಲಸ ನಿಲ್ಲಿಸಲಿಲ್ಲ.

ನಮ್ಮಲ್ಲಿ ಮೊದಲ ಕೊಳ್ಳೆ ಆಗಿಹೋಗಿದೆ. ಸೆಲ್ಲಾರಿನ ಪ್ಯಾನೆಲ್ ಬೋರ್ಡ್ ಒಂದು ಮಹಡಿ ಮೇಲೇರುವುದಕ್ಕೆ ಎರಡನೆಯದನ್ನು ಕಾಯಬೇಕಾಗಿಲ್ಲ.